ಗಣಿಯ ಆಳ, ಪಾಪದ ಅರ್ಥ

ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನ ಕಮಿಷನರ್ ಆಗಿದ್ದ ಎಲ್.ಬಿ. ಬೌರಿಂಗ್ ಅವರ ನೆನಪಿಗೆ ಬಂದ ಹೆಸರದು. ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ 1894ರಲ್ಲಿ ರೈಲು ಓಡತೊಡಗಿತು. ಅದಕ್ಕೂ ಮೊದಲೇ, 1880ರಲ್ಲಿ, ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಾರಿಕೆಗೆ ಇಳಿದಿತ್ತು. ಉತ್ತರ ಆರ್ಕಾಟಿನಿಂದ ಬಂದ ತಮಿಳು ಕೂಲಿಕಾರರು ತಟ್ಟಿ ಗುಡಿಸಲುಗಳಲ್ಲಿ, ಆಂಗ್ಲ ಅಧಿಕಾರಿಗಳು ಬಂಗಲೆಗಳಲ್ಲಿ ನೆಲೆಸಿದರು. ಮಾರಮ್ಮನ ಗುಡಿಗಳ ಜೊತೆಗೆ ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಚರ್ಚುಗಳೂ ಎದ್ದವು. ಅವುಗಳೊಂದಿಗೆ ಪಾಪದ ಬಗೆಗಿನ ಬೇರೊಂದು ಕಲ್ಪನೆಯೂ ಇಲ್ಲಿಗೆ ಬಂತು.

ಪಾಪ ಎಂಬ ಪದ ಕನ್ನಡಕ್ಕೆ ಹೊಸದಲ್ಲ. ಆದರೆ ನಮ್ಮ ರೂಢಿಯಲ್ಲಿ ಅದು ಪುಣ್ಯದ ಎದುರಿನ ಲೆಕ್ಕ. ಈ ಜನ್ಮದಲ್ಲಿ ತೀರದಿದ್ದರೆ ಮುಂದಿನ ಜನ್ಮಕ್ಕೆ ಬಾಕಿ. ಕ್ರೈಸ್ತ ನಂಬಿಕೆಯಲ್ಲಿ ಪಾಪವೆಂದರೆ ಮೊದಲಿಗೆ ಮುರಿದ ಸಂಬಂಧ. ನಿಷೇಧಿತ ಹಣ್ಣನ್ನು ತಿಂದ ಆದಾಮ, ಹವ್ವ ಮರಗಳ ಮರೆಯಲ್ಲಿ ಅಡಗುತ್ತಾರೆ. ದೇವರು ಅವರನ್ನು ಹುಡುಕಿ ಕರೆಯುತ್ತಾನೆ. ದೂರ ಸರಿದವನು ಮನುಷ್ಯ, ನಂಬಿಗಸ್ತನಾಗಿ ಉಳಿದವನು ದೇವರು. ಮನೆ ಬಿಟ್ಟುಹೋದ ಕಿರಿಯ ಮಗನನ್ನು ಕಂಡು ತಂದೆಯೇ ಓಡಿಬರುವ ಯೇಸುವಿನ ಸಾಮತಿಯ ತಿರುಳೂ ಇದೇ. ಈ ಒಡಕು ಹುಟ್ಟಿನಿಂದಲೇ ಎಲ್ಲರಿಗೂ ಬಂದದ್ದೆಂದು ಸಂತ ಅಗಸ್ಟೀನ್ (354-430) ವಾದಿಸಿದ. ಅದನ್ನು ಬೆಸೆದದ್ದು ಶಿಲುಬೆ ಎಂಬುದು ಕ್ರೈಸ್ತರ ನಂಬಿಕೆ.

ಗಣಿ ಈ ನಂಬಿಕೆಯನ್ನು ಒರೆಗೆ ಹಚ್ಚುವಂಥ ಜಾಗ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿ ಒತ್ತಡ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಬಂಡೆ ಒಳ್ಳೆಯವನು, ಕೆಟ್ಟವನು ಎಂದು ನೋಡುವುದಿಲ್ಲ. ಹಾಗಾದರೆ ಸತ್ತವರು ಪಾಪದ ಫಲ ಉಂಡರೇ?

ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಇಂಥದೇ ಪ್ರಶ್ನೆಯಿದೆ. ಸಿಲೊವಾಮಿನ ಬುರುಜು ಕುಸಿದು 18 ಮಂದಿ ಸತ್ತಿದ್ದರು. ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂದ ಯೇಸು, ಕೇಳುತ್ತಿದ್ದವರಿಗೇ ಪಶ್ಚಾತ್ತಾಪಪಡಲು ಹೇಳಿದ. ಅಂದರೆ ಅಪಘಾತ ದೇವರ ತೀರ್ಪಲ್ಲ. ಬದುಕಿ ಉಳಿದದ್ದು ಪುಣ್ಯದ ಸರ್ಟಿಫಿಕೇಟೂ ಅಲ್ಲ. ಬಂಡೆ ಸಿಡಿಯುವ ಕಾರಣವನ್ನು ಬಂಡೆಯಲ್ಲೇ ಹುಡುಕಬೇಕು. ಆ ಕೆಲಸಕ್ಕೆಂದೇ 1988ರಲ್ಲಿ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಆರಂಭವಾಯಿತು.

ಬೈಬಲಿನ 130ನೇ ಕೀರ್ತನೆ ಆಳದಿಂದ ದೇವರಿಗೆ ಇಟ್ಟ ಮೊರೆ. ಪಶ್ಚಾತ್ತಾಪದ ಏಳು ಕೀರ್ತನೆಗಳಲ್ಲಿ ಇದೂ ಒಂದು. ಸತ್ತವರಿಗಾಗಿ ಪ್ರಾರ್ಥಿಸುವಾಗ ಕ್ಯಾಥೊಲಿಕರು ಇದನ್ನು ಬಳಸುತ್ತಾರೆ. ದೇವರು ಲೆಕ್ಕ ಹಿಡಿದರೆ ಯಾರೂ ನಿಲ್ಲಲಾರರು ಎಂಬುದು ಅದರ ಭಾವ. ಈ ಮಾತಿನ ಮುಂದೆ ಬಂಗಲೆಯ ಸಾಹೇಬನೂ ಗುಡಿಸಲಿನ ಕೂಲಿಯೂ ಒಂದೇ. ಹುಟ್ಟಿನಿಂದಲೇ ಮೈಲಿಗೆಯೆಂದು ದೂರವಿಡಲಾಗಿದ್ದ ಜನಕ್ಕೆ ಈ ಸಮಾನತೆ ಸಣ್ಣ ವಿಷಯವಲ್ಲ. ಆದರೆ ಚರ್ಚಿನ ಬಾಗಿಲು ದಾಟಿದೊಡನೆ ಬಂಗಲೆ ಬಂಗಲೆಯಾಗಿ, ಗುಡಿಸಲು ಗುಡಿಸಲಾಗಿಯೇ ಉಳಿಯಿತು.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಗಣಿ ಕಾರ್ಮಿಕರ ಮಕ್ಕಳು ಈಗ ಬಂಗಾರಪೇಟೆ ಮೂಲಕ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಭಾನುವಾರ ಚರ್ಚುಗಳಲ್ಲಿ ಪಾಪನಿವೇದನೆಯ ಪ್ರಾರ್ಥನೆ ಎಂದಿನಂತೆ ನಡೆದಿದೆ.