ನುಮಿಡಿಯ ಮತ್ತು ರೋಮನ್ ದಂಡನಾಯಕರು

ನುಮಿಡಿಯ ಉತ್ತರ ಆಫ್ರಿಕದ ಪ್ರಾಚೀನ ಬೆರ್ಬರ್ ರಾಜ್ಯ. ಇಂದಿನ ಅಲ್ಜೀರಿಯದ ಪೂರ್ವಭಾಗವೂ ಟ್ಯುನೀಸಿಯದ ಕೆಲವು ಪ್ರದೇಶಗಳೂ ಇದರಲ್ಲಿದ್ದವು. ರಾಜಧಾನಿ ಸಿರ್ಟ, ಈಗಿನ ಕಾನ್‌ಸ್ಟಂಟೀನ್. ಕಡಿವಾಣವಿಲ್ಲದೆ ಕುದುರೆ ಓಡಿಸುತ್ತ ಈಟಿ ಎಸೆಯುವ ಇಲ್ಲಿನ ರಾವುತರು ಹೆಸರಾಗಿದ್ದರು. ರೋಮನ್ನರು ಈ ನಾಡಿನ ಒಬ್ಬ ಅರಸನನ್ನು ಮಣಿಸಿದ್ದು ಬಹುಮಟ್ಟಿಗೆ ಇನ್ನೊಬ್ಬ ಬೆರ್ಬರ್ ಅರಸನ ನೆರವಿನಿಂದಲೇ.

ಮೈತ್ರಿಯ ಆರಂಭ: ರೋಮ್ ಮತ್ತು ಕಾರ್ತೇಜುಗಳ ನಡುವಿನ ಎರಡನೆಯ ಪ್ಯೂನಿಕ್ ಯುದ್ಧದಲ್ಲಿ ನುಮಿಡಿಯದ ರಾಜಕುಮಾರ ಮಸಿನಿಸ್ಸ ಮೊದಲು ಕಾರ್ತೇಜಿನ ಪರವಾಗಿ ಸ್ಪೇನಿನಲ್ಲಿ ಕಾದಿದ, ಅನಂತರ ರೋಮನ್ ಸೇನಾಪತಿ ಸ್ಕಿಪಿಯೊನ ಪಕ್ಷ ಸೇರಿದ. ಕ್ರಿ.ಪೂ. 203ರಲ್ಲಿ ಅವನ ಎದುರಾಳಿ, ನುಮಿಡಿಯದ ಅರಸ ಸೈಫ್ಯಾಕ್ಸ್ ಸೆರೆಯಾದ. ಮರುವರ್ಷ ಜಾಮಾ ಕಾಳಗದಲ್ಲಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಸೋಲಲು ಮಸಿನಿಸ್ಸ ತಂದ 4,000 ಕುದುರೆ ಸವಾರರ ಪಾತ್ರ ದೊಡ್ಡದು. ಕ್ರಿ.ಪೂ. 148ರಲ್ಲಿ ಅವನು ತೀರಿಕೊಂಡಾಗ ಅಧಿಕಾರವನ್ನು ಮೂವರು ಮಕ್ಕಳಿಗೆ ಹಂಚಿದವನೂ ರೋಮನ್ ಸೇನಾನಿಯೇ: ಸ್ಕಿಪಿಯೊ ಎಮಿಲಿಯಾನಸ್.

ಜುಗುರ್ಥ ಯುದ್ಧ: ಮಸಿನಿಸ್ಸನ ಮೊಮ್ಮಗ ಜುಗುರ್ಥ ನುಮಾಂಟಿಯ ಮುತ್ತಿಗೆಯಲ್ಲಿ ಇದೇ ಎಮಿಲಿಯಾನಸನ ಕೈಕೆಳಗೆ ಹೋರಾಡಿ, ರೋಮನ್ನರ ಯುದ್ಧಕ್ರಮವನ್ನೂ ಅವರ ಹಣದಾಸೆಯನ್ನೂ ಹತ್ತಿರದಿಂದ ಕಂಡಿದ್ದ. ಆ ಮೂವರು ಮಕ್ಕಳಲ್ಲಿ ಒಬ್ಬನಾದ ದೊರೆ ಮಿಕಿಪ್ಸ ಕ್ರಿ.ಪೂ. 118ರಲ್ಲಿ ಸತ್ತ ಮೇಲೆ ಜುಗುರ್ಥ ಅವನ ಮಗ ಹಿಯೆಂಪ್ಸಲನನ್ನು ಕೊಲ್ಲಿಸಿದ, ಕ್ರಿ.ಪೂ. 112ರಲ್ಲಿ ಸಿರ್ಟವನ್ನು ಹಿಡಿದು ಇನ್ನೊಬ್ಬ ಮಗ ಆಧೆರ್ಬಲನನ್ನೂ ಅಲ್ಲಿದ್ದ ಇಟಲಿಯ ವರ್ತಕರನ್ನೂ ಕೊಂದ. ರೋಮ್ ಯುದ್ಧ ಸಾರಿತು. ಕಾನ್ಸಲ್ ಬೆಸ್ಟಿಯ ಮಾಡಿಕೊಂಡ ಸಂಧಿಯ ಮೇಲೆ ಲಂಚದ ಆರೋಪ ಬಂತು. ರೋಮನ್ ಸೇನಾನಿ ಆಲಸ್ ಪೊಸ್ಟುಮಿಯಸನ ಸೇನೆ ಶರಣಾಗಿ, ಈಟಿಗಳ ನೊಗದಡಿ ತಲೆತಗ್ಗಿಸಿ ನಡೆಯಬೇಕಾಯಿತು. ಅನಂತರ ಬಂದ ಸೇನಾಪತಿ ಮೆಟೆಲಸ್ ಮುಥುಲ್ ನದಿಯ ಬಳಿ ಗೆದ್ದರೂ ಜುಗುರ್ಥ ಕೈಗೆ ಸಿಗಲಿಲ್ಲ. ಕ್ರಿ.ಪೂ. 107ರಲ್ಲಿ ಕಾನ್ಸಲ್ ಆದ ಮಾರಿಯಸ್ ಆಸ್ತಿಯಿಲ್ಲದ ಬಡವರನ್ನೂ ಸೈನ್ಯಕ್ಕೆ ಸೇರಿಸಿಕೊಂಡು ಕಾಪ್ಸ ಪಟ್ಟಣವನ್ನು ಸುಟ್ಟ. ಆದರೂ ಯುದ್ಧ ಮುಗಿದದ್ದು ಮಾತುಕತೆಯಿಂದ. ಮಾರಿಯಸನ ಅಧಿಕಾರಿ ಸುಲ್ಲ ಮೌರಿಟೇನಿಯದ ಅರಸ ಬೊಕ್ಕಸನನ್ನು ಒಲಿಸಿಕೊಂಡ. ಕ್ರಿ.ಪೂ. 105ರಲ್ಲಿ ಬೊಕ್ಕಸ್ ತನ್ನ ಅಳಿಯ ಜುಗುರ್ಥನನ್ನೇ ಹಿಡಿದೊಪ್ಪಿಸಿದ. ಕ್ರಿ.ಪೂ. 104ರ ಜನವರಿ 1ರಂದು ಮಾರಿಯಸನ ವಿಜಯೋತ್ಸವದಲ್ಲಿ ಬಂದಿಯ ಮೆರವಣಿಗೆ ನಡೆಯಿತು. ಅವನು ಟುಲ್ಲಿಯಾನಮ್ ನೆಲಮಾಳಿಗೆಯ ಸೆರೆಯಲ್ಲಿ ಸತ್ತ. ಸುಲ್ಲ ಮಾತ್ರ ಈ ಒಪ್ಪಿಸುವಿಕೆಯ ದೃಶ್ಯವನ್ನೇ ತನ್ನ ಮುದ್ರೆಯುಂಗುರದಲ್ಲಿ ಕೆತ್ತಿಸಿಕೊಂಡ. ಗೆಲುವು ಯಾರದೆಂಬ ಮಾರಿಯಸ್ ಮತ್ತು ಸುಲ್ಲರ ಈ ಜಗಳ ಮುಂದೆ ರೋಮಿನ ಅಂತರ್ಯುದ್ಧಕ್ಕೆ ಕಾರಣವಾದ ವೈರದ ಒಂದು ಬೇರಾಯಿತು.

ವಿಲೀನ: ಸೀಸರ್ ಮತ್ತು ಪಾಂಪೆಯವರ ಕದನದಲ್ಲಿ ಆಗಿನ ನುಮಿಡಿಯದ ಅರಸ ಒಂದನೆಯ ಜುಬ ಪಾಂಪೆಯ ಪಕ್ಷ ಹಿಡಿದ. ಮೌರಿಟೇನಿಯದ ಅರಸ ಎರಡನೆಯ ಬೊಕ್ಕಸ್ ಸೀಸರನ ಪರ ನಿಂತು ಸಿರ್ಟವನ್ನು ಹಿಡಿದುಕೊಂಡ. ಕ್ರಿ.ಪೂ. 46ರ ಥ್ಯಾಪ್ಸಸ್ ಕಾಳಗದ ಬಳಿಕ ಜುಬನ ರಾಜ್ಯ ರೋಮಿನ ಪ್ರಾಂತವಾಯಿತು; ಅದರ ಮೊದಲ ರಾಜ್ಯಪಾಲ, ಜುಗುರ್ಥ ಯುದ್ಧದ ಇತಿಹಾಸ ಬರೆದ ಸಲ್ಲಸ್ಟ್. ರೋಮಿನಲ್ಲಿ ಬೆಳೆದ ಅವನ ಮಗ ಎರಡನೆಯ ಜುಬನಿಗೆ ಕ್ರಿ.ಪೂ. 25ರಲ್ಲಿ ಅಗಸ್ಟಸ್ ಮೌರಿಟೇನಿಯದ ಪಟ್ಟ ಕೊಟ್ಟ. ಎರಡನೆಯ ಜುಬನ ಮಗ ಟಾಲೆಮಿಯನ್ನು ಕ್ರಿ.ಶ. 40ರ ಸುಮಾರಿಗೆ ಸಾಮ್ರಾಟ ಕ್ಯಾಲಿಗುಲ ಕೊಲ್ಲಿಸಿದ. ಆಗ ಎದ್ದ ದಂಗೆಯನ್ನು ಅಡಗಿಸಿದ ರೋಮನ್ನರು ಮೌರಿಟೇನಿಯವನ್ನು ಎರಡು ಪ್ರಾಂತಗಳಾಗಿ ಒಡೆದರು. ಪಟ್ಟಕ್ಕೆ ಇನ್ನೊಬ್ಬ ಬೆರ್ಬರ್ ಅರಸನನ್ನು ಹುಡುಕಲಿಲ್ಲ.