ದೊಡ್ಡಕ್ಷರ ಯಾರಿಗೆ?

ನಮ್ಮ ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನೋ ಭೇದ ಇಲ್ಲ. ದಿಬ್ಬೂರಹಳ್ಳಿ ಸೀಮೆಯಲ್ಲಿ ಕನ್ನಡದ ಜೊತೆಗೇ ಆಡುವ ತೆಲುಗಿನಲ್ಲೂ ಇಲ್ಲ. ಹಾಗಂತ ನಮ್ಮವು ಸಮಾನತೆಯ ಭಾಷೆಗಳು ಅಂತ ಬೀಗೋದು ಬೇಡ. ಅಕ್ಷರದಲ್ಲಿ ಇಲ್ಲದ ಮೇಲುಕೀಳನ್ನು ನಾವು ಕ್ರಿಯಾಪದದ ಬಾಲದಲ್ಲಿ ಕಟ್ಟಿಕೊಂಡಿದ್ದೇವೆ. ಒಡೆಯರ ಮನೆಯ ಹತ್ತು ವರ್ಷದ ಹುಡುಗ 'ಬಂದರು'; ಕೇರಿಯ ಎಪ್ಪತ್ತು ವರ್ಷದ ಮುದುಕ 'ಬಂದ'.

ಇಂಗ್ಲಿಷಿನ ಕಥೆ ಬೇರೆ. ರೋಮನ್ನರು ಕಲ್ಲಿನ ಮೇಲೆ ಕೆತ್ತಿದ್ದು ದೊಡ್ಡಕ್ಷರಗಳನ್ನೇ. ಸಣ್ಣಕ್ಷರಗಳು ಬರೆಯೋ ಕೈಯ ಅವಸರದಲ್ಲಿ ಹುಟ್ಟಿ, ಕ್ರಿ.ಶ. 800ರ ಸುಮಾರಿಗೆ ಶಾರ್ಲಮೇನ್ ದೊರೆಯ ಕಾಲದಲ್ಲಿ ಒಂದು ಹದಕ್ಕೆ ಬಂದವು. ಹದಿನೆಂಟನೇ ಶತಮಾನದಲ್ಲೂ ಇಂಗ್ಲಿಷಿನವರು ಸಾಮಾನ್ಯ ನಾಮಪದಗಳಿಗೆಲ್ಲ ದೊಡ್ಡಕ್ಷರ ಹಾಕ್ತಿದ್ದರು, ಆಮೇಲೆ ಬಿಟ್ಟರು. ಅಂದರೆ ಇದು ದೇವರು ಬರೆದ ನಿಯಮ ಅಲ್ಲ. ಮನುಷ್ಯರು ಮಾಡಿದ್ದು, ಮನುಷ್ಯರೇ ಬದಲಿಸಿದ್ದು.

ಬದಲಿಸೋಕೆ ಹೋರಾಟವೂ ನಡೆದಿದೆ. ಅಮೆರಿಕದ ಪತ್ರಿಕೆಗಳು 'ನೀಗ್ರೊ' ಪದವನ್ನು ಸಣ್ಣ ಎನ್ ಹಾಕಿ ಬರೀತಿದ್ದವು. ಡು ಬಾಯ್ಸ್ 1899ರಲ್ಲೇ ತಮ್ಮ ಪುಸ್ತಕದಲ್ಲಿ ದೊಡ್ಡ ಎನ್ ಬಳಸಿ, ಎಂಬತ್ತು ಲಕ್ಷ ಜನರಿಗೆ ಒಂದು ದೊಡ್ಡಕ್ಷರದ ಹಕ್ಕಿದೆ ಅಂದರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಒಪ್ಪಿದ್ದು 1930ರ ಮಾರ್ಚಿನಲ್ಲಿ. 'ಬ್ಲ್ಯಾಕ್' ಪದಕ್ಕೆ ಅಸೋಸಿಯೇಟೆಡ್ ಪ್ರೆಸ್ ದೊಡ್ಡ ಬಿ ಕೊಟ್ಟಿದ್ದು 2020ರ ಜೂನಿನಲ್ಲಿ, ಜಾರ್ಜ್ ಫ್ಲಾಯ್ಡ್ ಕೊಲೆಯಾದ ಮರುತಿಂಗಳು. ಒಂದು ಅಕ್ಷರ ನೆಟ್ಟಗೆ ನಿಲ್ಲೋಕೆ ಅಷ್ಟು ಕಾಲ ಬೇಕಾಯ್ತು.

ನಮ್ಮ ಸಂವಿಧಾನದ 17ನೇ ವಿಧಿಯ ಇಂಗ್ಲಿಷ್ ಪಾಠ ತೆಗೆದು ನೋಡಿ. ಅಸ್ಪೃಶ್ಯತೆ ಅನ್ನೋ ಪದ ವಾಕ್ಯದ ನಡುವೆ ಬಂದಾಗಲೂ ಉದ್ಧರಣ ಚಿಹ್ನೆಯ ಒಳಗೆ ದೊಡ್ಡ ಯು ಹೊತ್ತು ನಿಂತಿದೆ; ಅಪರಾಧಿಯನ್ನು ಹೆಸರು ಹಿಡಿದು ಕಟಕಟೆಗೆ ಕರೆದ ಹಾಗಿದೆ. 341ನೇ ವಿಧಿಯಲ್ಲಿ ಪರಿಶಿಷ್ಟ ಜಾತಿಗಳಿಗೂ ದೊಡ್ಡಕ್ಷರ ಉಂಟು.

ಆದರೆ ಅಕ್ಷರ ಸಿಕ್ಕ ಮಾತ್ರಕ್ಕೆ ನ್ಯಾಯ ಸಿಕ್ಕಲಿಲ್ಲ. ಪಕ್ಕದ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಇಂಗ್ಲಿಷ್ ವ್ಯಾಕರಣದ ಪ್ರಕಾರ ಆ ಊರಿನ ಹೆಸರಿಗೆ ದೊಡ್ಡಕ್ಷರ ಇದ್ದೇ ಇತ್ತು.

ಹಾಗಾದ್ರೆ ಒಂದು ಅಕ್ಷರಕ್ಕೆ ಯಾಕಿಷ್ಟು ಮಾತು ಅಂತೀರಾ? 'ಬ್ರಾಹ್ಮಿನ್'ಗೆ ದೊಡ್ಡ ಬಿ ಹಾಕೋ ಕೈ 'ದಲಿತ್'ಗೆ ಸಣ್ಣ ಡಿ ಹಾಕಿದರೆ, ಅದು ಬರೀ ಕೈತಪ್ಪು ಅಲ್ಲ. ಎರಡೂ ಸಮುದಾಯದ ಹೆಸರು. ಎರಡಕ್ಕೂ ಒಂದೇ ನಿಯಮ ಸಲ್ಲಬೇಕು. ನಮ್ಮ ಹುಡುಗರು ಅರ್ಜಿ ಬರೆಯುವಾಗ, ಕರಪತ್ರ ಮಾಡುವಾಗ ಇದನ್ನು ಬಿಟ್ಟುಕೊಡಬಾರದು.

ಹಳ್ಳಿ ಮೇಷ್ಟ್ರುಗಳಿಗೆ ಇನ್ನೊಂದು ಮಾತು. ಇಂಗ್ಲಿಷಿನಲ್ಲಿ 'ನಾನು' ಅನ್ನೋದು ಒಂಟಿ ಐ. ಜೀತ ಮಾಡಿದವನ ಮೊಮ್ಮಗಳು ಬರೆದರೂ, ಜೀತಕ್ಕಿಟ್ಟುಕೊಂಡವನ ಮೊಮ್ಮಗ ಬರೆದರೂ ಅದು ದೊಡ್ಡದೇ. ಬೋರ್ಡಿನ ಮೇಲೆ ಅದನ್ನು ಬರೆಯುವ ದಿನ ಮಕ್ಕಳಿಗೆ ಇದನ್ನೂ ಹೇಳಿ. ಅವತ್ತೇ ಕೇರಿಯ ಮಗುವಿನ ಅಪ್ಪ ಶಾಲೆಗೆ ಬಂದರೆ, ಎಲ್ಲರಿಗೂ ಕೇಳಿಸೋ ಹಾಗೆ 'ಬನ್ನಿ, ಕೂತ್ಕೊಳ್ಳಿ' ಅನ್ನಿ.