ಕರ್ನಲ್ ಜಾನ್ ವಾಷಿಂಗ್ಟನ್: ಒಂದು ವಂಶಶೋಧನೆಯ ಇತಿಹಾಸ

ಜಾನ್ ವಾಷಿಂಗ್ಟನ್ (ಸು. 1633–1677) ವರ್ಜೀನಿಯ ವಸಾಹತಿನ ವೆಸ್ಟ್‌ಮೋರ್ಲೆಂಡ್ ಕೌಂಟಿಯ ತಂಬಾಕು ಬೆಳೆಗಾರ, ಅಲ್ಲಿನ ಮಿಲಿಷಿಯದ ಕರ್ನಲ್. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಈತನ ಮರಿಮೊಮ್ಮಗ. ಇಂಗ್ಲೆಂಡಿನಿಂದ ಬಂದ ಈತ ಅಲ್ಲಿ ಯಾವ ಊರಿನವನು, ಯಾರ ಮಗ ಎಂಬ ಪ್ರಶ್ನೆ 1791ರಿಂದ 1889ರವರೆಗೆ, ಹೆಚ್ಚುಕಡಿಮೆ ನೂರು ವರ್ಷ, ವಿದ್ವಾಂಸರನ್ನು ಕಾಡಿತು. ರಾಷ್ಟ್ರಪಿತನ ಮನೆತನವೇ ಹೀಗೆ ಕತ್ತಲಲ್ಲಿ ಉಳಿದಿತ್ತು. ಕೊನೆಗೆ ಉತ್ತರ ಸಿಕ್ಕಿದ್ದು ರಾಜಮುದ್ರೆಯ ವಂಶಪಟದಲ್ಲಲ್ಲ. ಸಾಲಗಾರನೊಬ್ಬನ ಆಸ್ತಿಯ ಮೇಲೆ ಹಕ್ಕು ಕೇಳಿದ ಅರ್ಜಿ, ಮಲತಂದೆಯೊಬ್ಬ ಬರೆದಿಟ್ಟ ಉಯಿಲು ಮುಂತಾದ ಸಾಮಾನ್ಯ ಜನರ ಕಾಗದಗಳಲ್ಲಿ ಅದು ಸಿಕ್ಕಿತು. ವಂಶಶೋಧನೆಯ ವಿಧಾನವನ್ನು ಕಲಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅಪರೂಪ.

1656ರಲ್ಲಿ ಜಾನ್ ಲಂಡನ್ನಿನ ‘ಸೀ ಹಾರ್ಸ್’ ಎಂಬ ಸಣ್ಣ ಹಡಗಿನಲ್ಲಿ ನೌಕರಿ ಹಿಡಿದು ತಂಬಾಕು ವ್ಯಾಪಾರಕ್ಕೆ ಹೊರಟ. ಹಡಗಿನ ಒಡೆಯ ಎಡ್ವರ್ಡ್ ಪ್ರೆಸ್ಕಾಟ್. 1657ರಲ್ಲಿ ಸರಕು ತುಂಬಿಕೊಂಡು ಮರಳುವ ಹೊತ್ತಿಗೆ ಹಡಗು ಪೊಟೊಮ್ಯಾಕ್ ನದಿಯಲ್ಲಿ ಮುಳುಗಿತು. ಅದನ್ನು ಎತ್ತಿ ರಿಪೇರಿ ಮಾಡುವಷ್ಟರಲ್ಲಿ ಜಾನ್‌ಗೆ ದಡದಲ್ಲಿ ನೆಲೆಯೂ ನೆಂಟಸ್ತಿಕೆಯೂ ದೊರೆತಿದ್ದವು. ಸಂಬಳದ ಲೆಕ್ಕದಲ್ಲಿ ಪ್ರೆಸ್ಕಾಟ್ ಜೊತೆ ಜಗಳವಾದಾಗ ನತಾನಿಯೆಲ್ ಪೋಪ್ ಎಂಬ ಸ್ಥಿತಿವಂತ ಬೆಳೆಗಾರ ಬೀವರ್ ಚರ್ಮಗಳನ್ನು ಕೊಟ್ಟು ಈತನ ಪರವಾಗಿ ಜಾಮೀನು ನಿಂತ. 1658ರಲ್ಲಿ ತನ್ನ ಮಗಳು ಆ್ಯನಳನ್ನು ಕೊಟ್ಟು ಮದುವೆ ಮಾಡಿ, ಮ್ಯಾಟಕ್ಸ್ ಕ್ರೀಕ್ ಬಳಿ 700 ಎಕರೆ ಜಮೀನನ್ನೂ ಬಿಟ್ಟುಕೊಟ್ಟ. ಪ್ರೆಸ್ಕಾಟ್‌ನ ಮೇಲಿನ ಸಿಟ್ಟು ಮಾತ್ರ ಆರಲಿಲ್ಲ. ಆತ ಸಮುದ್ರಯಾನದಲ್ಲಿ ಎಲಿಜಬೆತ್ ರಿಚರ್ಡ್‌ಸನ್ ಎಂಬಾಕೆಯನ್ನು ಮಾಟಗಾತಿ ಎಂದು ಗಲ್ಲಿಗೇರಿಸಲು ಬಿಟ್ಟನೆಂದು ಜಾನ್ 1659ರಲ್ಲಿ ಮೇರಿಲ್ಯಾಂಡ್ ಅಧಿಕಾರಿಗಳಿಗೆ ದೂರು ಕೊಟ್ಟ. ವಿಚಾರಣೆಯ ದಿನ ಆತ ಹೋಗಲಾಗಲಿಲ್ಲ. ಮಗನ ದೀಕ್ಷಾಸ್ನಾನಕ್ಕೆ ನೆಂಟರನ್ನು ಕರೆದಾಗಿದೆ ಎಂದು ಪತ್ರ ಬರೆದ. ದೂರುದಾರನೇ ಬಾರದ್ದರಿಂದ ಪ್ರೆಸ್ಕಾಟ್ ಬಿಡುಗಡೆಯಾದ. ಆಕೆಯ ಸಾವಿಗೆ ನ್ಯಾಯ ಸಿಗಲಿಲ್ಲ. ಆದರೆ ಆ ಪತ್ರದಿಂದಾಗಿ ಜಾರ್ಜ್ ವಾಷಿಂಗ್ಟನ್ನನ ತಾತ ಲಾರೆನ್ಸ್ ಹುಟ್ಟಿದ ಕಾಲ ನಮಗೆ ತಿಳಿಯುತ್ತದೆ. ವಂಶ ಹುಡುಕುವವರು ನ್ಯಾಯಾಲಯದ ಕಡತಗಳನ್ನು ಬಿಡಬಾರದೆನ್ನುವುದು ಇದಕ್ಕೇ.

ಆಗಿನ ವರ್ಜೀನಿಯದಲ್ಲಿ ಮಿಲಿಷಿಯ ಎಂದರೆ ಸಂಬಳದ ಸೈನ್ಯವಲ್ಲ. ಬಂದೂಕು ಹೊರಬಲ್ಲ ಸ್ವತಂತ್ರ ಗಂಡಸರನ್ನು ಕೌಂಟಿವಾರು ಸೇರಿಸಿ ಕಟ್ಟಿದ ಪಡೆ ಅದು. ಅಧಿಕಾರಿಗಳನ್ನು ಗವರ್ನರ್ ನೇಮಿಸುತ್ತಿದ್ದ. ಚರ್ಚಿನ ಆಡಳಿತ ಸಮಿತಿ, ನ್ಯಾಯಪೀಠ, ಶಾಸನಸಭೆ, ಮಿಲಿಷಿಯ ನಾಲ್ಕೂ ಅದೇ ಕೆಲವು ಮನೆತನಗಳ ಕೈಯಲ್ಲಿರುತ್ತಿದ್ದವು. ಜಾನ್ ಸಹ ಅದೇ ಮೆಟ್ಟಿಲು ಹತ್ತಿದ: 1661ರಲ್ಲಿ ಚರ್ಚ್ ಸಮಿತಿಯ ಸದಸ್ಯ, 1662ರಲ್ಲಿ ನ್ಯಾಯಾಧಿಕಾರಿ ಮತ್ತು ಮಿಲಿಷಿಯದ ಮೇಜರ್, 1660ರ ದಶಕದಲ್ಲೇ ಶಾಸನಸಭೆಯ ಸದಸ್ಯ, ಮುಂದೆ ಕರ್ನಲ್. ಶೋಧಕರಿಗೆ ಈ ಪದವಿಗಳು ಬಹಳ ಉಪಯೋಗಕ್ಕೆ ಬರುತ್ತವೆ. ಜಾನ್ ಎಂಬ ಹೆಸರು ಈತನ ಮಗನಿಗೂ ಇತ್ತು, ತಮ್ಮನ ಮಗನಿಗೂ ಇತ್ತು. ದಾಖಲೆಯಲ್ಲಿ ಮೇಜರ್ ಎಂದಿದೆಯೋ ಕರ್ನಲ್ ಎಂದಿದೆಯೋ ನೋಡಿದರೆ ಯಾವ ಜಾನ್, ಯಾವ ವರ್ಷಗಳ ಆಸುಪಾಸು ಎಂಬುದನ್ನು ಎಷ್ಟೋ ಸಲ ನಿರ್ಧರಿಸಬಹುದು.

ಅದೇ ಪದವಿ ಈತನ ಹೆಸರಿಗೆ ಅಳಿಸಲಾಗದ ಕಲೆಯನ್ನೂ ಅಂಟಿಸಿತು. 1675ರಲ್ಲಿ ಗಡಿಯಲ್ಲಿ ಕೊಲೆಗಳು ನಡೆದಾಗ ವಿಚಾರಣೆ ನಡೆಸಿ, ಅಗತ್ಯವಾದರೆ ಪಡೆ ಸೇರಿಸುವಂತೆ ಗವರ್ನರ್ ವಿಲಿಯಂ ಬರ್ಕ್ಲಿ ಜಾನ್ ವಾಷಿಂಗ್ಟನ್ ಮತ್ತು ಐಸಾಕ್ ಅಲರ್ಟನ್ ಇಬ್ಬರಿಗೆ ಆದೇಶಿಸಿದ. ಅವರ ಪಡೆ ಥಾಮಸ್ ಟ್ರೂಮನ್‌ನ ಮೇರಿಲ್ಯಾಂಡ್ ಪಡೆಯೊಂದಿಗೆ ಸೇರಿ ಪಿಸ್ಕಾಟವೇ ಕ್ರೀಕ್ ಬಳಿ ಸಸ್ಕ್ವೆಹನಕ್ ಎಂಬ ಮೂಲನಿವಾಸಿ ಜನರ ಕೋಟೆಗೆ ಮುತ್ತಿಗೆ ಹಾಕಿತು. ಮಾತುಕತೆಗೆಂದು ಹೊರಬಂದ ನಾಯಕರನ್ನು ಕರೆದೊಯ್ದು ಕೊಂದರು. ಸಂಧಾನಕ್ಕೆ ಬಂದವರನ್ನು ಕೊಲ್ಲುವುದು ಆ ಕಾಲದ ಯುದ್ಧನೀತಿಯಲ್ಲೂ ಪಾತಕವೇ. ಮೇರಿಲ್ಯಾಂಡ್ ಸಭೆ ಟ್ರೂಮನ್‌ನನ್ನು ದೋಷಾರೋಪಣೆಗೆ ಗುರಿಪಡಿಸಿತು, ಬರ್ಕ್ಲಿ ಸಿಡಿದುಬಿದ್ದ. ಮೇರಿಲ್ಯಾಂಡಿನ ಸಾಕ್ಷಿಗಳು ವರ್ಜೀನಿಯದ ಅಧಿಕಾರಿಗಳ ಕಡೆ ಬೆರಳು ತೋರಿದರೆ, ವೆಸ್ಟ್‌ಮೋರ್ಲೆಂಡಿನ ಸಾಕ್ಷಿಗಳು ಟ್ರೂಮನ್‌ನ ಕಡೆ ತೋರಿದರು. ಸೇಡಿಗೆ ಸೇಡು ಬೆಳೆದು, ಬರ್ಕ್ಲಿಯ ವಿರುದ್ಧ ಎದ್ದ 1676ರ ಬೇಕನ್ ಬಂಡಾಯಕ್ಕೆ ಇದೂ ಒಂದು ಕಾರಣವಾಯಿತು. ಮನೆತನದ ಚರಿತ್ರೆ ಬರೆದ ಹಿಂದಿನವರಲ್ಲಿ ಅನೇಕರು ಈ ಪ್ರಸಂಗವನ್ನು ಒಂದೆರಡು ಸಾಲಿನಲ್ಲಿ ದಾಟಿಬಿಟ್ಟಿದ್ದಾರೆ. ಅದು ಸರಿಯಲ್ಲ. ಸಸ್ಕ್ವೆಹನಕರು ಜಾನ್‌ಗೆ ‘ಊರುಗಳನ್ನು ನುಂಗುವವ’ ಎಂಬರ್ಥದ ಕೊನೊಟೊಕೇರಿಯಸ್ ಎಂಬ ಹೆಸರಿಟ್ಟಿದ್ದರು. ಎಪ್ಪತ್ತೆಂಟು ವರ್ಷದ ನಂತರ, 1753ರಲ್ಲಿ, ಜಾರ್ಜ್ ವಾಷಿಂಗ್ಟನ್ ಒಹಾಯೊ ಸೀಮೆಗೆ ಹೋದಾಗ ಅಲ್ಲಿನ ನಾಯಕರು ಅವನನ್ನೂ ಅದೇ ಹೆಸರಿನಿಂದ ಕರೆದರು. ಇಂಗ್ಲೆಂಡಿನಲ್ಲಿ ತನ್ನವರು ಯಾರೆಂಬುದನ್ನು ವಾಷಿಂಗ್ಟನ್ ಮನೆತನ ಮರೆತಿತ್ತು. ಲಿಪಿಯಿಲ್ಲದ ಜನ ಮುತ್ತಜ್ಜನನ್ನು ಮರೆತಿರಲಿಲ್ಲ.

ಶೋಧನೆ ಶುರುವಾದದ್ದು 1791ರ ಡಿಸೆಂಬರ್‌ನಲ್ಲಿ. ಲಂಡನ್ನಿನ ಗಾರ್ಟರ್ ಕಿಂಗ್ ಆಫ್ ಆರ್ಮ್ಸ್ ಹುದ್ದೆಯಲ್ಲಿದ್ದ ಸರ್ ಐಸಾಕ್ ಹರ್ಡ್ ಅಧ್ಯಕ್ಷ ವಾಷಿಂಗ್ಟನ್ನನಿಗೆ ಪತ್ರ ಬರೆದು ಮನೆತನದ ವಿವರ ಕೇಳಿದ. ನಮ್ಮ ಉತ್ತರ ಕರ್ನಾಟಕದಲ್ಲಿ ಹೆಳವರು ಮನೆಮನೆಗೆ ಬಂದು ವಂಶಾವಳಿ ಒಪ್ಪಿಸುವಂತೆ, ಇಂಗ್ಲೆಂಡಿನಲ್ಲಿ ಕುಲೀನರ ವಂಶ ಮತ್ತು ಲಾಂಛನಗಳ ಲೆಕ್ಕ ಇಡುವುದು ಹರ್ಡ್‌ನ ಕಚೇರಿಯ ಕೆಲಸ. ಆತನಿಗೆ ಅಮೆರಿಕದ ನಂಟೂ ಇತ್ತು. ಹೆಂಡತಿ ಬಾಸ್ಟನ್ನಿನವಳು, ಆಕೆಯ ಮೊದಲ ಮದುವೆಯ ಮಗ ಡೇವಿಡ್ ಆಕ್ಟರ್ಲೋನಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯಾಗಿ, ದೆಹಲಿಯ ರೆಸಿಡೆಂಟನಾಗಿ ನಮ್ಮ ಚರಿತ್ರೆಯಲ್ಲೂ ಬರುತ್ತಾನೆ. ಕೋಲ್ಕತ್ತದ ಶಹೀದ್ ಮಿನಾರ್ ಮೊದಲು ಅವನ ಸ್ಮಾರಕವಾಗಿತ್ತು.

ಜಾರ್ಜ್ ವಾಷಿಂಗ್ಟನ್ 1792ರ ಮೇ ತಿಂಗಳಲ್ಲಿ ಉತ್ತರಿಸಿದ. ಈ ವಿಷಯಕ್ಕೆ ತಾನು ಗಮನ ಕೊಟ್ಟಿದ್ದು ಬಹಳ ಕಡಿಮೆ ಎಂದು ಒಪ್ಪಿಕೊಂಡು, ತಿಳಿದಷ್ಟನ್ನು ಬಂಧುಗಳಿಂದ ಕೇಳಿ ಕಳುಹಿಸಿದ. ಜಾನ್ ಮತ್ತು ಲಾರೆನ್ಸ್ ಎಂಬ ಅಣ್ಣತಮ್ಮಂದಿರು 1657ರ ಸುಮಾರಿಗೆ ಇಂಗ್ಲೆಂಡಿನ ಉತ್ತರ ಭಾಗದಿಂದ ಬಂದರೆಂದು ಮನೆಯಲ್ಲಿ ಹೇಳುತ್ತಿದ್ದರು. ಇಬ್ಬರು ಅಣ್ಣತಮ್ಮಂದಿರು, 1657ರ ಆಸುಪಾಸು: ಇದೆರಡೂ ನಿಜ. ದಿಕ್ಕು ತಪ್ಪಿತ್ತು. ಆದರೂ ಅದು ಪೂರಾ ಸುಳ್ಳಲ್ಲ. ಮನೆತನದ ಹಳೆಯ ಬೇರು ಉತ್ತರದ ಲ್ಯಾಂಕಶರ್‌ನಲ್ಲಿ, ಅದಕ್ಕೂ ಹಿಂದೆ ಡರಮ್‌ನಲ್ಲಿತ್ತು. ಐದಾರು ತಲೆಮಾರಿನ ಹಿಂದಿನ ನೆನಪು ಮುತ್ತಜ್ಜನ ಹೆಗಲಿಗೆ ಜಾರಿತ್ತು.

ಹರ್ಡ್ ನಾರ್ಥಾಂಪ್ಟನ್‌ಶರ್‌ನ ಸಲ್‌ಗ್ರೇವ್ ವಾಷಿಂಗ್ಟನ್ನರ ವಂಶಪಟ ತೆಗೆದ. 1616ರಲ್ಲಿ ತೀರಿಕೊಂಡ ಲಾರೆನ್ಸ್ ವಾಷಿಂಗ್ಟನ್ ಎಂಬಾತನಿಗೆ ಜಾನ್, ಲಾರೆನ್ಸ್ ಎಂಬ ಮಕ್ಕಳಿದ್ದರು. ಹೆಸರು ಹೊಂದಿತು, ಇವರೇ ವಲಸೆ ಹೋದವರು ಎಂದು ಊಹಿಸಿದ. ಜಾರ್ಜ್ ಬೇಕರ್ ತನ್ನ ನಾರ್ಥಾಂಪ್ಟನ್‌ಶರ್ ಚರಿತ್ರೆಯಲ್ಲಿ ಇದನ್ನು ಅಚ್ಚು ಹಾಕಿದ. ಅಚ್ಚಾದ ಊಹೆ ಸತ್ಯವಾಗಿಬಿಟ್ಟಿತು. ಮುಂದೆ ಬಂದ ಜೀವನಚರಿತ್ರೆಗಳು ಒಂದನ್ನೊಂದು ನೋಡಿ ಬರೆದವು. ಬರೀ ಹೆಸರು ತಾಳೆಯಾದರೆ ವ್ಯಕ್ತಿಯೂ ತಾಳೆಯಾದಂತೆ ಎಂದು ನಂಬುವುದು ವಂಶಶೋಧನೆಯ ಅತಿ ಹಳೆಯ ರೋಗ. ನೂರಕ್ಕೆ ತೊಂಬತ್ತು ಮನೆತನದ ಪುಸ್ತಕಗಳು ಇಲ್ಲೇ ಎಡವುತ್ತವೆ ಎಂದರೂ ಅತಿಶಯವಾಗದು.

ಅದನ್ನು ಕೆಡವಿದವನು ಜೋಸೆಫ್ ಲೆಮ್ಯುಯೆಲ್ ಚೆಸ್ಟರ್ (1821–1882). ಕನೆಕ್ಟಿಕಟ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿ, ಚರ್ಚುಗಳ ರಿಜಿಸ್ಟರುಗಳನ್ನು ನಕಲು ಮಾಡುವುದಕ್ಕೇ ಆಯುಷ್ಯ ತೇಯ್ದವನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರಿಜಿಸ್ಟರುಗಳನ್ನು ಸಂಪಾದಿಸಿದ ಅವನಿಗೆ ಆ ಅಬ್ಬೆಯಲ್ಲೇ ಸ್ಮಾರಕ ಫಲಕವಿದೆ. ಹರ್ಡ್ ಹೆಸರಿಸಿದ ಜಾನ್ ನೈಟ್ ಪದವಿ ಪಡೆದ ಸರ್ ಜಾನ್ ಎಂದೂ, ಲಾರೆನ್ಸ್ ಎಸೆಕ್ಸ್‌ನ ಪರ್ಲಿ ಗ್ರಾಮದ ಪಾದ್ರಿ ಎಂದೂ 1866ರಲ್ಲಿ ಆತ ತೋರಿಸಿಕೊಟ್ಟ. ಇಬ್ಬರೂ ಅಮೆರಿಕಕ್ಕೆ ಹೋದವರಲ್ಲ. ಹರ್ಡ್‌ನ ಕಟ್ಟಡ ಬಿತ್ತು. ಮರುಕಟ್ಟುವಷ್ಟು ಆಧಾರ ಕೈಗೂಡುವ ಮೊದಲೇ ಚೆಸ್ಟರ್ ತೀರಿಕೊಂಡ.

ಮುಂದಿನ ಹೆಜ್ಜೆ ಹೆನ್ರಿ ಫಿಟ್ಜ್‌ಗಿಲ್ಬರ್ಟ್ ವಾಟರ್ಸ್ (1833–1913) ಎಂಬಾತನದು. ಮ್ಯಾಸಚೂಸೆಟ್ಸ್‌ನ ಸೇಲಂ ಊರಿನ ಈತನನ್ನು ನ್ಯೂ ಇಂಗ್ಲೆಂಡಿನ ವಂಶಚರಿತ್ರೆ ಸಂಘ 1883ರಲ್ಲಿ ಲಂಡನ್ನಿಗೆ ಕಳುಹಿಸಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಜಾನ್ ಹಾರ್ವರ್ಡ್‌ನ ತಂದೆತಾಯಿಗಳನ್ನು ಪತ್ತೆ ಮಾಡಿದವನೂ ಈತನೇ. ವಾಟರ್ಸ್‌ನ ಪದ್ಧತಿ ಸರಳ, ಆದರೆ ಬೆವರಿಳಿಸುವಂಥದು. ಒಂದು ಹೆಸರನ್ನು ಬೆನ್ನಟ್ಟುವ ಬದಲು ಉಯಿಲುಗಳ ಸಂಪುಟಗಳನ್ನೇ ಪುಟಪುಟ ಓದುತ್ತ, ಅಮೆರಿಕದ ಪ್ರಸ್ತಾಪ ಬಂದಲ್ಲೆಲ್ಲ ಬರೆದುಕೊಳ್ಳುತ್ತ ಹೋಗುವುದು. ಹೀಗೆ ಸಿಕ್ಕಿದ್ದು 1677ರ ಒಂದು ಸಣ್ಣ ನಮೂದು. ಬೆಡ್‌ಫರ್ಡ್‌ಶರ್‌ನ ಲೂಟನ್ ಊರಿನ ಲಾರೆನ್ಸ್ ವಾಷಿಂಗ್ಟನ್ ವರ್ಜೀನಿಯದಲ್ಲಿ ಸತ್ತನೆಂದೂ, ಆತನ ಆಸ್ತಿಯ ಆಡಳಿತವನ್ನು ಮುಖ್ಯ ಸಾಲದಾತನಾದ ಎಡ್ಮಂಡ್ ಜೋನ್ಸ್‌ಗೆ ಕೊಟ್ಟಿದೆಯೆಂದೂ ಅದರಲ್ಲಿತ್ತು. ಮೊದಲ ಸಲ ಅಟ್ಲಾಂಟಿಕ್‌ನ ಎರಡೂ ದಡ ಒಂದೇ ಕಾಗದದ ಮೇಲೆ ಬಂದವು.

ಲೂಟನ್‌ಗೆ ಹತ್ತಿರದ ಊರು ಹರ್ಟ್‌ಫರ್ಡ್‌ಶರ್‌ನ ಟ್ರಿಂಗ್. ಅಲ್ಲಿನ ಚರ್ಚಿನ ರಿಜಿಸ್ಟರಿನಲ್ಲಿ ಲಾರೆನ್ಸ್ ವಾಷಿಂಗ್ಟನ್ ಎಂಬುವವನ ಮಗ ಲಾರೆನ್ಸ್‌ನಿಗೆ 1635ರ ಜೂನ್‌ನಲ್ಲಿ ದೀಕ್ಷಾಸ್ನಾನವಾದ ದಾಖಲೆ ಇತ್ತು. ಟ್ರಿಂಗ್‌ನ ಆ್ಯಂಡ್ರೂ ನೋಲಿಂಗ್ ಎಂಬಾತ ಬರೆದ ಉಯಿಲು ಉಳಿದ ಬೀಗ ತೆಗೆಯಿತು. ಆತನ ಮಲಮಗಳು ಆಂಫಿಲಿಸ್ ವಾಷಿಂಗ್ಟನ್. ಆಕೆಯ ಮಕ್ಕಳಾಗಿ ಜಾನ್, ಲಾರೆನ್ಸ್, ವಿಲಿಯಂ, ಎಲಿಜಬೆತ್, ಮಾರ್ಗರೆಟ್, ಮಾರ್ಥಾ ಅಲ್ಲಿ ಬರುತ್ತಾರೆ. ಆಂಫಿಲಿಸ್ ತೀರಿಕೊಂಡಾಗ ಆಸ್ತಿಯ ಆಡಳಿತ ಹಿರಿಯ ಮಗ ಜಾನ್‌ಗೆ ಬಂತು; ಹಡಗು ಹತ್ತುವ ಮುಂಚಿನ ಜಾನ್ ಅವನೇ. ಇತ್ತ ವರ್ಜೀನಿಯದ ಕರ್ನಲ್ ಜಾನ್ 1675ರ ಸೆಪ್ಟೆಂಬರ್‌ನಲ್ಲಿ, ಮುತ್ತಿಗೆಯ ಗಲಾಟೆಯ ಆಸುಪಾಸಿನಲ್ಲೇ, ಬರೆದ ಉಯಿಲಿನಲ್ಲಿ ತಂಗಿ ಮಾರ್ಥಾಳಿಗೆ 10 ಪೌಂಡು ಹಣ, ಒಂದು ವರ್ಷದ ಊಟವಸತಿ, 4,000 ಪೌಂಡು ತೂಕದ ತಂಬಾಕು ಬಿಟ್ಟಿದ್ದ. ಹುಡುಕುವವರು ಸಾಮಾನ್ಯವಾಗಿ ಗಂಡುಮಕ್ಕಳ ಸಾಲನ್ನೇ ಹಿಡಿದು ಹೋಗುತ್ತಾರೆ. ಇಲ್ಲಿ ಜಾನ್, ಲಾರೆನ್ಸ್ ಎಂಬ ಸಾಮಾನ್ಯ ಹೆಸರುಗಳಿಗೆ ಬಲ ಬಂದದ್ದು ತಾಯಿಯಿಂದ, ಆಕೆಯ ಮಲತಂದೆಯಿಂದ, ತಂಗಿಯಿಂದ.

ಆಂಫಿಲಿಸಳ ಗಂಡನೇ ಪರ್ಲಿಯ ಪಾದ್ರಿ ಲಾರೆನ್ಸ್. ಅಂದರೆ ಹರ್ಡ್ ಒಂದು ತಲೆಮಾರು ಮಾತ್ರ ತಪ್ಪಿದ್ದ: ಆತ ವಲಸಿಗನೆಂದು ಗುರುತಿಸಿದ ಲಾರೆನ್ಸ್ ನಿಜಕ್ಕೂ ವಲಸಿಗರ ತಂದೆ. ಚೆಸ್ಟರ್ ಕಳಚಿದ ಕೊಂಡಿಯನ್ನು ವಾಟರ್ಸ್ 1889ರಲ್ಲಿ ಸರಿಯಾದ ಜಾಗದಲ್ಲಿ ಕೂಡಿಸಿದ. ಮಕ್ಕಳು ಸಮುದ್ರ ದಾಟಿದ್ದೇಕೆ ಎಂಬುದೂ ಅದರಿಂದ ತಿಳಿಯಿತು. ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನ ಫೆಲೋ ಆಗಿದ್ದ ಪಾದ್ರಿ ಲಾರೆನ್ಸ್ ರಾಜನ ಪಕ್ಷದವನು. ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ಹೆಂಡದಂಗಡಿಗೆ ಹೋಗುವ ದುರ್ನಡತೆಯವನೆಂದು ಆರೋಪಿಸಿ ಪಾರ್ಲಿಮೆಂಟಿನ ಪಕ್ಷ ಅವನನ್ನು ಪರ್ಲಿಯಿಂದ ಹೊರಹಾಕಿತು. ಆತ ವಿನಯವಂತ, ಸಂಯಮಿ ಎಂದು ನೆನೆದ ನೆರೆಯವರೂ ಇದ್ದರು. ರಾಜಕೀಯ ದ್ವೇಷದ ಕಾಲದ ಆರೋಪಪಟ್ಟಿಗಿಂತ ನೆರೆಯವರ ಮಾತನ್ನೇ ಹೆಚ್ಚು ನಂಬಬೇಕು ಎನ್ನಿಸುತ್ತದೆ. ಆತ ಬಡತನದಲ್ಲೇ ಸತ್ತು 1653ರ ಜನವರಿಯಲ್ಲಿ ಮಾಲ್ಡನ್ನಿನಲ್ಲಿ ಮಣ್ಣಾದ.

ಈ ಜನವರಿಯ ಲೆಕ್ಕದಲ್ಲಿ ಶೋಧಕರು ಎಚ್ಚರದಿಂದಿರಬೇಕು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ರಿಜಿಸ್ಟರಿನಲ್ಲಿ ಈ ಜನವರಿ 1652ರದು. ಜಾರ್ಜ್ ವಾಷಿಂಗ್ಟನ್ನನ ಜನನವೂ ಮನೆಯ ಬೈಬಲ್ಲಿನಲ್ಲಿ 1731/32ರ ಫೆಬ್ರುವರಿ 11 ಎಂದಿದೆ; ನಾವು ಹೇಳುವುದು 1732ರ ಫೆಬ್ರುವರಿ 22.

ತಂದೆ ಸಿಕ್ಕ ಮೇಲೆ ಮೇಲಿನ ಸಾಲು ಸುಲಭವಾಯಿತು. ಉಣ್ಣೆ ವ್ಯಾಪಾರಿಯೂ ನಾರ್ಥಾಂಪ್ಟನ್ ನಗರದ ಮೇಯರನೂ ಆಗಿದ್ದ ಇನ್ನೊಬ್ಬ ಲಾರೆನ್ಸ್ 1539ರಲ್ಲಿ ಸಲ್‌ಗ್ರೇವ್ ಜಮೀನನ್ನು ರಾಜನಿಂದ 324 ಪೌಂಡು ಚಿಲ್ಲರೆಗೆ ಕೊಂಡಿದ್ದ. ಅವನ ಹಿರಿಯರು ಲ್ಯಾಂಕಶರ್‌ನ ವಾರ್ಟನ್‌ನವರು, ಅವರ ಮೂಲ ಡರಮ್‌ನ ವಾಷಿಂಗ್ಟನ್ ಗ್ರಾಮ. ಮನೆತನದ ಲಾಂಛನದಲ್ಲಿ ಬಿಳಿಯ ಮೇಲೆ ಎರಡು ಕೆಂಪು ಪಟ್ಟಿ, ಮೇಲ್ಗಡೆ ಮೂರು ಕೆಂಪು ನಕ್ಷತ್ರಗಳಿವೆ. ಅಮೆರಿಕದ ಧ್ವಜ ಇದರಿಂದಲೇ ಬಂತೆಂಬ ಮಾತಿಗೆ ಆಧಾರವಿಲ್ಲ. ವಾಷಿಂಗ್ಟನ್ ನಗರದ ಧ್ವಜ ಮಾತ್ರ ಇದರದೇ ರೂಪ. ಸಲ್‌ಗ್ರೇವ್ ಮನೆ 1921ರಿಂದ ಸಾರ್ವಜನಿಕರಿಗೆ ತೆರೆದಿದೆ.

ಕರ್ನಲ್ ಜಾನ್ 1677ರಲ್ಲಿ ತೀರಿಕೊಂಡ. ಬ್ರಿಜಸ್ ಕ್ರೀಕ್ ಬಳಿಯ ಮನೆತನದ ಸ್ಮಶಾನ ಈಗ ಜಾರ್ಜ್ ವಾಷಿಂಗ್ಟನ್ ಜನ್ಮಸ್ಥಳದ ರಾಷ್ಟ್ರೀಯ ಸ್ಮಾರಕಕ್ಕೆ ಸೇರಿದೆ. ನಿಕೊಲಸ್ ಸ್ಪೆನ್ಸರ್ ಜೊತೆ 1674ರಲ್ಲಿ ಆತ ಪಡೆದ 5,000 ಎಕರೆಯ ಒಂದು ಪಾಲೇ ಮುಂದೆ ಮೌಂಟ್ ವರ್ನನ್ ಆಯಿತು. ಆ ನೆಲದಲ್ಲಿ ದುಡಿದ ಗುಲಾಮರ ವಂಶವನ್ನು ಹುಡುಕುವ ಕೆಲಸ ಇದಕ್ಕಿಂತ ಬಹಳ ಕಷ್ಟ. ಅವರಿಗೆ ಉಯಿಲು ಬರೆಯುವ ಹಕ್ಕಿರಲಿಲ್ಲ; ಒಡೆಯರ ಉಯಿಲುಗಳಲ್ಲಿ ಅವರೇ ಆಸ್ತಿ. 1799ರಲ್ಲಿ ಜಾರ್ಜ್ ವಾಷಿಂಗ್ಟನ್ ಬರೆದಿಟ್ಟ ಪಟ್ಟಿಯಲ್ಲಿ 317 ಗುಲಾಮರಿದ್ದಾರೆ. ಯಾರ ಗಂಡ ಯಾವ ತೋಟದಲ್ಲಿದ್ದಾನೆ, ಯಾವ ತಾಯಿಗೆ ಯಾವ ಮಕ್ಕಳು ಎಂಬ ಟಿಪ್ಪಣಿಗಳೂ ಅದರಲ್ಲಿವೆ. ಕರಿಯ ಜನರೆಲ್ಲರ ಹೆಸರು ಬರೆದ ಮೊದಲ ಅಮೆರಿಕದ ಜನಗಣತಿ 1870ರದು. ಈ ಎರಡು ದಾಖಲೆಗಳ ನಡುವಿನ ಎಪ್ಪತ್ತು ವರ್ಷಗಳನ್ನು ಬಿಡುಗಡೆ ಪತ್ರ, ಚರ್ಚಿನ ಪುಸ್ತಕ, ಕೌಂಟಿ ನ್ಯಾಯಾಲಯದ ನಮೂದುಗಳಿಂದ ತುಂಬುವ ಕೆಲಸವನ್ನು ಅವರ ವಂಶಜರೂ ಇತಿಹಾಸಕಾರರೂ ಇಂದು ಮಾಡುತ್ತಿದ್ದಾರೆ.